ದುರುಗಪ್ಪನವರ ಹೆಸರಿನಿಂದ ನಾನು ತೆಗೆದದ್ದು

ಆ ಲಗ್ನಪತ್ರಿಕೆಯಲ್ಲಿ ದುರುಗಪ್ಪನವರ ಹೆಸರಿಗಿದ್ದ ‘ಶ್ರೀ’ಯನ್ನೂ ‘ನವರು’ ಎಂಬುದನ್ನೂ ಅಳಿಸಿದವನು ನಾನು. ಯಂತ್ರದ ದೋಷ ಅಂದುಕೊಂಡವರಿದ್ದಾರೆ, ಅವರ ಮೊಮ್ಮಗಳು ರೇಣುಕಾ ಅವರ ಕಣ್ತಪ್ಪು ಅಂದುಕೊಂಡವರು ಅದಕ್ಕಿಂತ ಹೆಚ್ಚು. ಎರಡೂ ಅಲ್ಲ. ನಾನೇ, ಹಗಲು ಹೊತ್ತಿನಲ್ಲಿ, ತಿಳಿದೂ ತಿಳಿದೂ ಅಳಿಸಿದೆ. ಆಮೇಲೆ ಆ ಮೊಮ್ಮಗಳ ತಲೆಗೆ ಅದನ್ನು ಕಟ್ಟಿದೆ — ಕಟ್ಟಿ, ಇಪ್ಪತ್ತು ವರ್ಷ ಸುಮ್ಮನಿದ್ದೆ.

ಇದನ್ನು ಬರೆಯುವುದು ಕಷ್ಟವಾಗಬೇಕಿತ್ತು. ಆಗುತ್ತಿಲ್ಲ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೋದ ತಿಂಗಳೇ ಬಾಯಿಬಿಟ್ಟು ಹೇಳಿ ಬಂದಿದ್ದೇನೆ. ಒಮ್ಮೆ ಹೇಳಿದ್ದನ್ನು ನಿಮಗೆ ಮತ್ತೆ ಹೇಳುವುದು ಅಷ್ಟು ಕಷ್ಟವಿಲ್ಲ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಆಗ ಅದು ಬೇರೆಯವರದು, ನಾನು ಕಂಪ್ಯೂಟರ್ ಮುಂದೆ ಕೂತು ಲಗ್ನಪತ್ರಿಕೆ ಜೋಡಿಸುವ ಕೆಲಸದವನು. ಊರು ಕೂಡ್ಲಿಗಿ ತಾಲ್ಲೂಕು, ಹೊಸಹಳ್ಳಿ ಹತ್ತಿರ. ಊರಲ್ಲಿ ನನಗೊಂದು ಹೆಸರಿತ್ತು: ಹಿರಿಯರಿಗೆ ಎದುರಾಡದ ಹುಡುಗ. ಹಿರಿಯರು ಬಂದರೆ ಎದ್ದು ನಿಲ್ಲುತ್ತಿದ್ದೆ, ಚಪ್ಪಲಿ ಬಿಟ್ಟು ಕಾಲಿಗೆ ಬೀಳುತ್ತಿದ್ದೆ, ‘ರಿ’ ಹಚ್ಚದೆ ಮಾತಾಡುತ್ತಿರಲಿಲ್ಲ. ‘ಬಸವರಾಜನ್ನ ನೋಡಿ ಕಲೀರಿ’ ಎಂದು ತಾಯಂದಿರು ಮಕ್ಕಳಿಗೆ ಬೈಯುತ್ತಿದ್ದರು. ಆ ಹೊಗಳಿಕೆ ನನಗೆ ರುಚಿಸಿತ್ತು, ಚೆನ್ನಾಗಿಯೇ ರುಚಿಸಿತ್ತು.

ಆದರೆ ಹಿರಿಯರು ಅಂದರೆ ಯಾರು? ಈ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ. ನನ್ನ ಲೆಕ್ಕದಲ್ಲಿ ಹಿರಿಯರು ಅಂದರೆ ನಮ್ಮ ಓಣಿಯ ಹಿರಿಯರು. ಊರ ಆಚೆಗಿನ ದಲಿತ ಕೇರಿಯಲ್ಲಿ ತಲೆ ಹಣ್ಣಾದವರು ಬೇಕಾದಷ್ಟು ಜನ ಇದ್ದರು. ಅವರಿಗೆ ವಯಸ್ಸಿತ್ತು, ಹಿರಿತನ ಇರಲಿಲ್ಲ — ಹೀಗೆ ಯಾರೂ ನನಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ, ತೊದಲು ಮಾತಿನ ಜೊತೆಗೇ ಬಂದದ್ದು. ನಮ್ಮ ಹೊಲದ ಬಾವಿ ತೋಡಿದ ದುರುಗಪ್ಪನವರನ್ನು ನಾನು ಆರು ವರ್ಷದವನಿದ್ದಾಗಲೇ ‘ದುರುಗ್ಯಾ, ಬಾರಲೇ ಇಲ್ಲಿ’ ಎಂದು ಕರೆಯುತ್ತಿದ್ದೆ. ‘ಬಂದೆ ರೀ ಸಣ್ಣ ಗೌಡ್ರ’ ಎಂದು ಅವರು ಹಾರೆ ಕೆಳಗಿಟ್ಟು, ಕೈ ಮುಗಿದು ಬರುತ್ತಿದ್ದರು. ಬಂಡೆ ಒಡೆದು ಒಡೆದು ಅವರ ಬಲಗೈ ಬೆರಳುಗಳು ಪೂರ್ತಿ ನೀಳವಾಗುತ್ತಿರಲಿಲ್ಲ. ನನಗಿಂತ ಐವತ್ತು ವರ್ಷ ದೊಡ್ಡವರು ಹಾಗೆ ಕೈ ಮುಗಿದು ನಿಂತಾಗ ಏನೋ ತಪ್ಪಾಗಿದೆ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಇನ್ನು ನಮ್ಮ ದೊಡ್ಡಪ್ಪ. ಅವರ ಬಗ್ಗೆ ಒಂದೇ ಪ್ರಸಂಗ ಹೇಳಿದರೆ ಸಾಕು. ಒಮ್ಮೆ ಕೊಟ್ಟೂರಿನ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರು ಗಡಿಬಿಡಿಯಲ್ಲಿ ‘ಏನಪ್ಪಾ, ಎಲ್ಲಿಗೆ ನೀನು’ ಅಂದರು. ದೊಡ್ಡಪ್ಪ ಎದ್ದು ಅವರ ಕೆನ್ನೆಗೆ ಬಾರಿಸಿದರು. ‘ಯಾರಿಗಲೇ ನೀನು ಅಂತಿ? ದೊಡ್ಡೋರು ಸಣ್ಣೋರು ಗೊತ್ತಾಗಂಗಿಲ್ಲೇನು?’ ಕಂಡಕ್ಟರ್ ತಲೆ ಪೂರ್ತಿ ಬೆಳ್ಳಗಿತ್ತು, ದೊಡ್ಡಪ್ಪನ ತಲೆ ಆಗಿನ್ನೂ ಕಪ್ಪು. ಪಕ್ಕದ ಸೀಟಿನಲ್ಲಿದ್ದ ನಾನು ಹೆಮ್ಮೆಯಿಂದ ಸುತ್ತ ನೋಡಿದೆ. ಆ ಮುದುಕ ಕೆನ್ನೆ ಒರೆಸಿಕೊಂಡು ಮುಂದಿನ ಸೀಟಿಗೆ ಹೋದದ್ದು ನನಗೆ ಈಗ, ಈ ವಯಸ್ಸಿನಲ್ಲಿ, ಮತ್ತೆ ಮತ್ತೆ ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ.

ದುರುಗಪ್ಪನವರ ಮಗ ಮಲ್ಲಪ್ಪನವರು ಲೈನ್‌ಮನ್ ಆಗಿದ್ದರು. ಮೊಮ್ಮಗಳು ರೇಣುಕಾ ನರ್ಸ್ ಓದಿ ಆಗಷ್ಟೇ ಹಡಗಲಿಯಲ್ಲಿ ಕೆಲಸಕ್ಕೆ ಸೇರಿದ್ದರು. ಆ ಕೇರಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು. ಹರಪನಹಳ್ಳಿ ಕಡೆಯ ಹುಡುಗನ ಜೊತೆ ಲಗ್ನ ಗೊತ್ತಾಯಿತು. ಆ ಮನೆಯಲ್ಲಿ ಅಚ್ಚು ಹಾಕಿಸಿದ ಪತ್ರಿಕೆ ಅದೇ ಮೊದಲು, ಅದಕ್ಕೂ ಹಿಂದೆ ಬಾಯಿಮಾತಿನಲ್ಲೇ ಕರೆಯುತ್ತಿದ್ದರು. ‘ನಮ್ಮೂರೋರಾ ಅದಾರಲ್ಲ’ ಎಂದು ನಂಬಿ ನಮ್ಮ ಪ್ರೆಸ್ಸಿಗೇ ಬಂದರು. ಒಕ್ಕಣೆಯನ್ನು ರೇಣುಕಾ ಅವರೇ ಬರೆದು ತಂದಿದ್ದರು, ಮುತ್ತು ಪೋಣಿಸಿದ ಹಾಗಿನ ಅಕ್ಷರ. ‘ಶ್ರೀ ದುರುಗಪ್ಪನವರ ಮೊಮ್ಮಗಳು, ಶ್ರೀ ಮಲ್ಲಪ್ಪನವರ ಮಗಳು’ ಎಂದು ಮೇಲೆ. ಕೆಳಗೆ, ಸುಖಾಗಮನ ಬಯಸುವವರಲ್ಲಿ ಮತ್ತೆ ಮೊದಲ ಹೆಸರು ‘ಶ್ರೀ ದುರುಗಪ್ಪನವರು’.

ನಮ್ಮ ಕೆಲಸದ ಕ್ರಮ ಇಷ್ಟೇ. ಜೋಡಿಸಿದ ಮೇಲೆ ಒಂದು ಪ್ರೂಫ್ ಹಾಳೆ ತೆಗೆದು ಗಿರಾಕಿಗೆ ಕೊಡುತ್ತೇವೆ. ಅವರು ಸಾಲು ಸಾಲು ಓದಿ, ಸರಿ ಇದ್ದರೆ ಕೆಳಗೆ ಸಹಿ ಹಾಕುತ್ತಾರೆ. ಸಹಿಯಾದ ಮೇಲೆ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ರೇಣುಕಾ ರಾತ್ರಿ ಪಾಳಿ ಮುಗಿಸಿ, ಬಸ್ಸು ಹಿಡಿದು ಬಂದು, ಕೆಂಪು ಕಣ್ಣಿನಲ್ಲೇ ಎರಡು ಸಲ ಓದಿ ಸಹಿ ಹಾಕಿ ಹೋದರು. ಆ ಹಾಳೆಯಲ್ಲಿ ಎಲ್ಲವೂ ಸರಿಯಾಗಿತ್ತು. ‘ಶ್ರೀ’ ಇತ್ತು. ‘ನವರು’ ಇತ್ತು. ಇದನ್ನು ಬೇಕಾದರೆ ನೂರು ಸಲ ಬರೆದುಕೊಡುತ್ತೇನೆ.

ಆಮೇಲೆ ಸಂತೆಗೆ ಬಂದಿದ್ದ ದೊಡ್ಡಪ್ಪ ಪ್ರೆಸ್ಸಿನ ಬೆಂಚಿನ ಮೇಲೆ ಕೂತರು. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು.

‘ಶ್ರೀ ದುರುಗಪ್ಪನವ್ರು! ನಮ್ಮ ದುರುಗ್ಯಾ ಶ್ರೀ ಆಗ್ಯಾನ ನೋಡಲೇ.’ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಲ್ಲಿಸಿ ಅಂದರು: ‘ಈ ಪತ್ರಿಕಿ ನಮ್ಮ ಮನಿ ಬಾಗಿಲಿಗೂ ಬರತೈತಿ. ನಾವು ಓದಬೇಕು. ನಿನ್ನ ಕೈಯಾಗಿನ ಕೆಲಸ ಐತಿ, ನೋಡ್ಕ್ಯಂಡು ಮಾಡು.’

ಅಷ್ಟೇ ಅಂದದ್ದು. ಅಳಿಸು ಅನ್ನಲಿಲ್ಲ. ಹಿರಿಯರ ಮಾತು ಮೀರಬಾರದು ಅಂತ ಅಳಿಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಅವರು ಎದ್ದು ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತವನು ನಾನೊಬ್ಬನೇ. ಆ ಹೊತ್ತಿಗೆ ನನಗೆ ಅನಿಸಿದ್ದೂ ಹೆದರಿಕೆಯಲ್ಲ — ಹೇಗೆ ಹೇಳಲಿ — ಒಂಥರಾ ಸರಿ ಮಾಡುತ್ತಿದ್ದೇನೆ ಎಂಬ ಭಾವ. ಓರೆಯಾದ ಚಿತ್ರವನ್ನು ಗೋಡೆಯ ಮೇಲೆ ನೆಟ್ಟಗೆ ಮಾಡುತ್ತೇವಲ್ಲ, ಹಾಗೆ. ಮಲ್ಲಪ್ಪನವರ ‘ಶ್ರೀ’ಗೆ ಕೈ ಹಚ್ಚಲಿಲ್ಲ. ಕರೆಂಟು ಹೋದರೆ ಗೌಡರ ಮನೆಯವರೂ ಅವರಿಗೇ ಹೇಳಿಕಳಿಸಬೇಕಿತ್ತು! ಬೀಗರ ಕಡೆಯ ಹೆಸರುಗಳನ್ನೂ ಮುಟ್ಟಲಿಲ್ಲ. ಮುದುಕನ ಹೆಸರೊಂದನ್ನೇ ಹಿಡಿದು, ಎರಡೂ ಕಡೆ ಸವರಿ, ಮೇಲೆ ‘ದುರುಗಪ್ಪನ ಮೊಮ್ಮಗಳು’ ಎಂದೂ ಕೆಳಗೆ ‘ದುರುಗಪ್ಪ’ ಎಂದೂ ಮಾಡಿ ಅಚ್ಚಿಗೆ ಕಳಿಸಿದೆ.

ಪತ್ರಿಕೆ ಕಟ್ಟು ಬಿಚ್ಚಿದ ದಿನವೇ ಬೀಗರ ಕಡೆಯವರೊಬ್ಬರು ಕೇಳಿದರಂತೆ, ‘ಎಲ್ಲಾರಿಗೂ ಶ್ರೀ ಐತಿ, ನಿಮ್ಮ ಮನಿ ಹಿರೇರಿಗೆ ಯಾಕಿಲ್ಲ?’ ಮಾರನೆಯ ದಿನ ಬೆಳಿಗ್ಗೆಯೇ ಮಲ್ಲಪ್ಪನವರು ಮಗಳನ್ನು ಕರೆದುಕೊಂಡು ಬಂದರು. ಪ್ರೆಸ್ಸಿನಲ್ಲಿ ಇನ್ನೂ ನಾಲ್ಕೈದು ಗಿರಾಕಿಗಳಿದ್ದರು. ಅವರು ಬಾಗಿಲಿಗೆ ಬಂದದ್ದು ಕಂಡೊಡನೆ ನಾನು ಸಹಿ ಹಾಕಿದ ಪ್ರೂಫ್ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

‘ನೀವು ನೋಡಿ ಸಹಿ ಮಾಡಿದ ಹಂಗಾ ಅಚ್ಚು ಹಾಕೀವ್ರಿ’ ಅಂದೆ. ಎಷ್ಟು ಮರ್ಯಾದೆಯಿಂದ ಅಂದೆ! ‘ರಿ’ ಹಚ್ಚಿ, ಕೈ ಕಟ್ಟಿಕೊಂಡು, ಕಣ್ಣು ಕೆಳಗೆ ಹಾಕಿ. ನನ್ನಷ್ಟು ವಿನಯವಾಗಿ ಸುಳ್ಳು ಹೇಳಿದವನು ಇಡೀ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ.

ರೇಣುಕಾ ಒಂದು ಕ್ಷಣ ನನ್ನನ್ನೇ ನೋಡಿದರು. ‘ನಾನು ನೋಡಿದ್ದೆ ಅಪ್ಪಾ... ಇತ್ತು ಅನಸತೈತಿ’ ಅಂದರು. ಅನಸತೈತಿ. ಆ ಒಂದು ಮಾತಿನಲ್ಲಿ ಅವರು ಸೋತರು. ಮಲ್ಲಪ್ಪನವರು ಅಷ್ಟು ಜನರ ಮುಂದೆ ಮಗಳಿಗೆ ಬೈದರು: ‘ಅಜ್ಜ ಕಲ್ಲು ಹೊತ್ತು ನಿನ್ನ ಓದಿಸ್ಯಾನ. ಆತನ ಹೆಸರು ನೆಟ್ಟಗ ನೋಡಾಕ ಬರಲಿಲ್ಲೇನು ನಿನಗ?’ ನಾನು ಪಕ್ಕದಲ್ಲೇ ನಿಂತಿದ್ದೆ, ಹಾಳೆ ಜೇಬಿನಲ್ಲಿತ್ತು. ಅವರು ಹೋದ ಮೇಲೆ ಎದುರಿನ ಚಹಾದಂಗಡಿಯ ಒಲೆಗೆ ಹಾಕಿದೆ. ಚಹಾ ಮಾಡುವವನು ಏನದು ಎಂದು ಕೇಳಿದ, ರದ್ದಿ ಅಂದೆ.

ಮತ್ತೆ ಅಚ್ಚು ಹಾಕಿಸುವಷ್ಟು ದಿನ ಉಳಿದಿರಲಿಲ್ಲ. ಕೆಲವು ಪತ್ರಿಕೆ ಆಗಲೇ ಹಂಚಿಯಾಗಿತ್ತು. ಉಳಿದ ಮುನ್ನೂರು ಚಿಲ್ಲರೆ ಪತ್ರಿಕೆಗಳ ಮೇಲೆ ರೇಣುಕಾ ಮದುಮಗಳಾಗಿ ಕೂತು ಪೆನ್ನಿನಿಂದ ‘ಶ್ರೀ’ ಬರೆದರು, ‘ನವರು’ ಬರೆದರು, ಒಂದೊಂದರಲ್ಲೂ ಎರಡೆರಡು ಕಡೆ. ಅದರಲ್ಲೊಂದು ನಮ್ಮ ಮನೆಗೂ ಬಂತು. ನುಣುಪು ಕಾಗದದ ಮೇಲೆ ಮಸಿ ನಿಲ್ಲದೆ ಸ್ವಲ್ಪ ಹರಡಿಕೊಂಡಿತ್ತು. ದೊಡ್ಡಪ್ಪ ಅದನ್ನು ಓದದೆಯೇ ಪಕ್ಕಕ್ಕಿಟ್ಟರು. ನಾನು ಲಗ್ನಕ್ಕೆ ಹೋಗಲಿಲ್ಲ. ಮೂರ್ನಾಲ್ಕು ವರ್ಷಕ್ಕೆ ದುರುಗಪ್ಪನವರು ತೀರಿಕೊಂಡರು, ಮಣ್ಣಿಗೂ ಹೋಗಲಿಲ್ಲ.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಪ್ರೆಸ್ಸು ನನ್ನದಾಯಿತು, ಮದುವೆಯಾಯಿತು, ಮಕ್ಕಳಾದವು. ಇಂಥವು ಮನುಷ್ಯನನ್ನು ಹಗಲೂ ಇರುಳೂ ಕೊರೆಯುತ್ತವೆ ಅಂತಾರೆ. ನನ್ನನ್ನು ಕೊರೆಯಲಿಲ್ಲ, ಚೆನ್ನಾಗಿ ಉಂಡು ಮಲಗಿದೆ. ಯಾರದೋ ಅಜ್ಜನ ಹೆಸರು ಜೋಡಿಸುವಾಗ ಮಾತ್ರ ಬೆರಳು ಒಂದು ಕ್ಷಣ ತಡೆಯುತ್ತಿತ್ತು — ಅಷ್ಟೇ.

ಹೋದ ತಿಂಗಳು ರೇಣುಕಾ ಪ್ರೆಸ್ಸಿಗೆ ಬಂದರು. ಹಡಗಲಿಯಲ್ಲಿ ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶದ ಪತ್ರಿಕೆ ಬೇಕಿತ್ತು. ಈಗೆಲ್ಲ ಜನ ಮೊಬೈಲಿನಲ್ಲೇ ಒಕ್ಕಣೆ ಕಳಿಸಿ ಮೊಬೈಲಿನಲ್ಲೇ ಪ್ರೂಫ್ ನೋಡುತ್ತಾರೆ. ಅವರು ಹಾಗೆ ಒಪ್ಪಲಿಲ್ಲ, ಕಾಗದದ ಮೇಲೇ ಬೇಕೆಂದರು. ಜೊತೆಗೆ ಆಸ್ಪತ್ರೆಯ ಗೆಳತಿಯೊಬ್ಬರನ್ನು ಕರೆತಂದಿದ್ದರು. ಪ್ರೂಫ್ ಕೊಟ್ಟೆ. ಸಾಲಿನ ಕೆಳಗೆ ಬೆರಳಿಟ್ಟು ಮೂರು ಸಲ ಓದಿದರು. ಆಮೇಲೆ ಗೆಳತಿಯ ಕೈಲಿ ಓದಿಸಿದರು. ಆದರೂ ಸಹಿ ಹಾಕಲಿಲ್ಲ. ‘ಊರಿಗೆ ಹೋಗಿ ಅಪ್ಪಗ ತೋರಿಸಿ ಬರ್ತೀನ್ರಿ’ ಅಂದರು.

‘ಎಲ್ಲಾ ಸರಿ ಐತಲ್ರಿ’ ಅಂದೆ.

‘ಐತಿ ಅಂತ ನನಗ ಕಾಣತೈತಿ ಬಸವರಾಜಣ್ಣ. ಆದ್ರ ನನ್ನ ಕಣ್ಣು ನಾ ನಂಬಂಗಿಲ್ಲ. ಅಜ್ಜನ ಹೆಸರಾಗಾ ತಪ್ಪು ಮಾಡಿದಾಕಿ ನಾನು.’ ನಕ್ಕರು. ‘ಇಂಜೆಕ್ಷನ್ ಬಾಟ್ಲಿ ಮ್ಯಾಲಿನ ಹೆಸರು ಸೈತ ಇನ್ನೊಬ್ರ ಕೈಲಿ ಓದಿಸ್ತೀನಿ, ಇಷ್ಟು ವರ್ಷದಿಂದ. ರೋಗಿಗಳಿಗೆ ಒಳ್ಳೇದಾ ಆತು ಬಿಡ್ರಿ.’

ಗೆಳತಿ ಪಕ್ಕದಿಂದ, ‘ಆಕಿ ಮನಿ ಬಾಗಿಲು ಕೀಲಿ ಹಾಕಿದ್ರೂ ಮತ್ತ ಹೋಗಿ ನೋಡಿ ಬರ್ತಾಳ್ರಿ’ ಎಂದು ತಮಾಷೆ ಮಾಡಿದರು.

ಇಪ್ಪತ್ತು ವರ್ಷ! ನಾನು ಅಳಿಸಿದ್ದು ಒಬ್ಬ ಮುದುಕನ ಮರ್ಯಾದೆ ಅಂದುಕೊಂಡಿದ್ದೆ. ಅದರ ಜೊತೆಗೆ ಒಬ್ಬ ಹೆಣ್ಣುಮಗಳ ಕಣ್ಣಿನ ಮೇಲಿನ ನಂಬಿಕೆಯನ್ನೂ ತೆಗೆದು ಒಲೆಗೆ ಹಾಕಿದ್ದೆ. ಅವರು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಬಾಗಿಲು ದಾಟಿದರೆ ನಾನು ಇನ್ನೆಂದೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ನನ್ನ ಬುದ್ಧಿ ನನಗೆ ಗೊತ್ತು.

‘ನಿಮ್ಮ ಕಣ್ಣು ಸರಿ ಇತ್ತು ರೇಣುಕಾ ಅವ್ರೇ. ನೀವು ಸಹಿ ಮಾಡಿದ ಹಾಳ್ಯಾಗ ಶ್ರೀ ಇತ್ತು. ಆಮ್ಯಾಲೆ ನಾನಾ ತಗದೆ.’

ಅವರು ಕುರ್ಚಿ ಎಳೆದು ಕೂತರು. ಗೆಳತಿಗೆ ಏನೂ ತಿಳಿಯಲಿಲ್ಲ. ‘ಯಾಕ?’ ಎಂದು ರೇಣುಕಾ ಕೇಳಿದರು, ಬಹಳ ಮೆಲ್ಲಗೆ. ಉತ್ತರ ಹೇಳಲು ಬಾಯಿ ತೆರೆದೆ. ದೊಡ್ಡಪ್ಪ, ಹಿರಿಯರು, ಆಗಿನ ಕಾಲ... ಎಲ್ಲ ನಾಲಿಗೆಯ ತುದಿಗೆ ಬಂತು. ಯಾವುದೂ ನಿಜವಲ್ಲ ಅನಿಸಿ ಬಾಯಿ ಮುಚ್ಚಿದೆ. ‘ನಿಮ್ಮ ಅಜ್ಜಗ ಶ್ರೀ ಇರಬಾರ್ದು ಅನಿಸಿತ್ತು ನನಗ’ ಅಂದೆ.

ಅವರು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ನಿಂತರು. ‘ನನಗ ಹೇಳಿಬಿಟ್ಟು ಇಲ್ಲಿಗಾ ಮುಗಿಸಬ್ಯಾಡ್ರಿ. ಮಂದಿ ಮುಂದ ನನಗ ಬೈದಾತ ನಮ್ಮಪ್ಪ. ಆತಗ ಹೇಳ್ರಿ. ಐತವಾರ ಊರಿಗೆ ಹೊಕ್ಕೀನಿ, ನೀವೂ ಬರ್ರಿ.’

ಭಾನುವಾರ ಹೋದೆ. ಹುಟ್ಟಿ ಬೆಳೆದ ಊರಿನಲ್ಲಿ ಆ ಕೇರಿಯ ಒಂದು ಮನೆಯೊಳಗೂ ನಾನು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಚಹಾ ಕುಡಿದೆ, ನೀರು ಕುಡಿದೆ ಎಂದು ಬರೆದರೆ ಏನೋ ದೊಡ್ಡಸ್ತಿಕೆ ಮಾಡಿದಂತೆ ಕೇಳಿಸುತ್ತದೆ. ಆದ್ದರಿಂದ ಆ ಮಾತು ಬಿಡುತ್ತೇನೆ. ಮಲ್ಲಪ್ಪನವರು ಈಗ ನಿವೃತ್ತರು, ಮೊಣಕಾಲು ನೋವು. ಎದ್ದು ಕುರ್ಚಿ ಕೊಡಲು ಬಂದರು. ನಾನು ನಿಂತೇ ಹೇಳಿದೆ. ಎಲ್ಲ ಹೇಳಿದೆ — ಜೇಬು, ಹಾಳೆ, ಒಲೆ.

‘ಸಹಿ ಮಾಡಿದ ಹಾಳ್ಯಾಗ ಶ್ರೀ ಇತ್ತೇನು?’ ಎಂದು ಕೇಳಿದರು.

‘ಇತ್ರಿ.’

‘ಅಕಿ ನೋಡಿದ್ದು ಖರೇನು?’

‘ಖರೇರಿ. ಎರಡು ಸಲ ನೋಡಿದ್ರು.’

ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಗೋಡೆ ಹಿಡಿದುಕೊಂಡು ಮಗಳ ಮುಂದೆ ಹೋಗಿ ನಿಂತರು. ಎಪ್ಪತ್ತು ದಾಟಿದ ಆ ಮನುಷ್ಯ ನಲವತ್ತರ ಮಗಳಿಗೆ ಎರಡೂ ಕೈ ಜೋಡಿಸಿದರು. ‘ತಪ್ಪಾತವ್ವಾ. ಮಂದಿ ಮುಂದ ಬೈದೆ. ಮಂದಿ ಮಾತು ನಂಬಿ ನಿನ್ನ ಮಾತು ನಂಬಲಿಲ್ಲ ನಾನು.’

‘ಅಪ್ಪಾ, ಕೈ ಬಿಡು. ಬಿಡಪ್ಪಾ ನೀನು’ ಎಂದು ರೇಣುಕಾ ಆ ಕೈಗಳನ್ನು ಹಿಡಿದು ಬಿಡಿಸಿದರು. ಆಗ ಅತ್ತರು, ನಕ್ಕರು, ಎರಡೂ ಒಟ್ಟಿಗೆ. ಪತ್ರಿಕೆ ತಿದ್ದುವಾಗ ನಡೆದದ್ದನ್ನೂ ಆಗಲೇ ಹೇಳಿದರು. ಓದು ಬಾರದ ದುರುಗಪ್ಪನವರು ಪಕ್ಕದಲ್ಲಿ ಕೂತು, ‘ಏನವ್ವಾ ಅದು, ಅಷ್ಟು ಬರಿಯಾಕತ್ತಿ?’ ಎಂದು ಕೇಳಿದರಂತೆ. ‘ನಿನ್ನ ಹೆಸರು ಅಜ್ಜ’ ಅಂದರಂತೆ ಇವರು. ‘ಎಲ್ಲಾದರ ಮ್ಯಾಲೂ ನನ್ನ ಹೆಸರಾ!’ ಎಂದು ಅಜ್ಜನಿಗೆ ಖುಷಿಯೋ ಖುಷಿ. ಏನು ತಿದ್ದುತ್ತಿದ್ದಾರೆ ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ.

ಆ ಮನೆಯಲ್ಲಿ ಮಗಳು ಅಪ್ಪನಿಗೆ ‘ನೀನು’ ಅನ್ನುತ್ತಾಳೆ, ಅಜ್ಜನಿಗೂ ‘ನೀನು’ ಅನ್ನುತ್ತಿದ್ದಳು. ನಾನು ಅದೇ ಮಾತನ್ನು ಅದೇ ಅಜ್ಜನಿಗೆ ಅನ್ನುತ್ತಿದ್ದೆ. ಎರಡರ ನಡುವಿನ ದೂರ ಎಷ್ಟು ಎಂದು ಅಲ್ಲಿ ನಿಂತಾಗ ತಿಳಿಯಿತು. ವಯಸ್ಸಾದ ಮಾತ್ರಕ್ಕೆ ಗೌರವ ಸಲ್ಲಬೇಕೇ ಎಂದು ಈಗಿನ ಮಕ್ಕಳು ವಾದಿಸುತ್ತಾರೆ, ನನ್ನ ಮಗಳೂ ವಾದಿಸುತ್ತಾಳೆ. ನನಗೆ ಗೊತ್ತಿಲ್ಲ. ಆದರೆ ಮಗಳ ಮುಂದೆ ಕೈ ಮುಗಿದು ನಿಂತ ಆ ತಂದೆಯನ್ನು ಕಂಡು ನನ್ನ ತಲೆ ತಾನಾಗಿ ಬಾಗಿತು, ಯಾರೂ ಹೇಳಿಕೊಡಬೇಕಾಗಲಿಲ್ಲ.

ಹೊರಡುವಾಗ ಮಲ್ಲಪ್ಪನವರು ನನಗೆ ಒಂದೇ ಮಾತು ಅಂದರು: ‘ಬೈದ್ರ ನಿಮಗ ಸಮಾಧಾನ ಆಗತೈತಿ. ನಾ ಬೈಯಂಗಿಲ್ಲ.’ ಅದು ಅವರ ಹಕ್ಕು. ರೇಣುಕಾ ಚೀಲದಿಂದ ಗೃಹಪ್ರವೇಶದ ಪ್ರೂಫ್ ಹಾಳೆ ತೆಗೆದರು. ಅಪ್ಪನಿಗೆ ತೋರಿಸಲಿಲ್ಲ. ಒಂದು ಸಲ ಓದಿದರು, ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ‘ಹಾಕ್ರಿ ಅಚ್ಚು’ ಅಂದರು. ನನ್ನ ಎದೆಯ ಮೇಲಿದ್ದದ್ದು ಏನೋ ಇಳಿಯಿತು. ಇಷ್ಟು ವರ್ಷ ಅದು ಅಲ್ಲಿತ್ತು ಅನ್ನುವುದೇ ಇಳಿದಾಗ ಗೊತ್ತಾಯಿತು.

ಬರುವ ದಾರಿಯಲ್ಲಿ ಬೇವಿನ ಮರದ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದರು. ಅವರಿಗೂ ಎಂಬತ್ತರ ಮೇಲಾಯಿತು. ಸುತ್ತ ನಮ್ಮ ಓಣಿಯವರೇ ಆರೇಳು ಜನ.

‘ಆ ಕಡಿಂದ ಬರಾಕತ್ತಿ, ಎಲ್ಲಿಗೆ ಹೋಗಿದ್ದಿಲೇ ಬಸ್ಯಾ?’

‘ದುರುಗಪ್ಪನವ್ರ ಮನಿಗೆ ಹೋಗಿದ್ದೆ ದೊಡ್ಡಪ್ಪ.’

‘ಯಾವ ದುರುಗಪ್ಪನವ್ರು?’ ಆ ಊರಿನಲ್ಲಿ ಆ ಹೆಸರಿನವರು ಒಬ್ಬರೇ ಇದ್ದದ್ದು.

‘ನಮ್ಮ ಹೊಲದ ಬಾವಿ ತೋಡಿದ ದುರುಗಪ್ಪನವ್ರು. ಇದ್ದಿದ್ರ ನಿಮಗಿಂತ ದೊಡ್ಡವ್ರು.’

ನಾನು ಅಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಎಲ್ಲವನ್ನೂ ಹೇಳಿದೆ. ‘ನಾ ಎಲ್ಲಿ ಅಳಿಸಂತ ಹೇಳಿದ್ನಲೇ?’ ಎಂದು ದೊಡ್ಡಪ್ಪ ಗದರಿದರು. ‘ಇಲ್ರಿ, ನೀವು ಹೇಳಲಿಲ್ಲ. ನಾನಾ ಮಾಡಿದ್ದು’ ಅಂದೆ. ಅವರು ಮುಖ ತಿರುಗಿಸಿಕೊಂಡರು. ‘ಹಿರೇರ ಮುಂದ ಇವೆಲ್ಲಾ ಮಾತಾಡೋದೇನು?’ ಎಂದು ಇನ್ಯಾರೋ ಗೊಣಗಿದರು. ಹಿರಿಯರಿಗೆ ಎದುರಾಡದ ಹುಡುಗ ಎಂಬ ನನ್ನ ಹೆಸರು ಆ ಕಟ್ಟೆಯ ಮೇಲೆ ಅಂದೇ ಮುಗಿಯಿತು. ಹೋಗಲಿ. ಬಸ್ ನಿಲ್ದಾಣದವರೆಗೆ ಹಗುರಾಗಿ ನಡೆದೆ.

ಒಂದು ಮಾತ್ರ ಉಳಿದಿದೆ. ಅದಕ್ಕೆ ದಾರಿಯಿಲ್ಲ, ದಾರಿ ಹುಡುಕುವುದೂ ಇಲ್ಲ. ದುರುಗಪ್ಪನವರೇ ಎಂದು ನಾನು ಅವರನ್ನು ಅವರ ಕಿವಿಗೆ ಬೀಳುವಂತೆ ಒಂದು ಸಲವೂ ಕರೆಯಲಿಲ್ಲ.